ಮುಳ್ಳುಕಾಯಿ ಹುಲ್ಲು: ತೆನೆ ಹೊರಡುವ ಮೊದಲೇ ಕೀಳಿರಿ



ಹೋದ ಸುಗ್ಗಿಯಲ್ಲಿ ಬುಕ್ಕಾಪಟ್ಟಣದ ಕಡೆಯ ಒಂದು ಮರಳು ಹೊಲಕ್ಕೆ ಕಡಲೆಕಾಯಿ ಕೀಳಲು ಬಂದ ಹೆಣ್ಣುಮಕ್ಕಳು, ಮಧ್ಯಾಹ್ನ ಊಟಕ್ಕೆ ಎದ್ದವರು ಮತ್ತೆ ಸಾಲು ಹಿಡಿಯಲಿಲ್ಲ. "ಕೂಲಿ ಬ್ಯಾಡಣ್ಣ, ಕೈ ಉಳಿದ್ರೆ ಸಾಕು" ಎಂದು ಅಂಗೈ ತೋರಿಸಿದರು. ಬೇರೆ ಆಳು ಸಿಗುವ ಹೊತ್ತಿಗೆ ನೆಲ ಬಿಗಿದು, ಗಿಡ ಕಿತ್ತರೆ ಕಾಯಿ ಮಣ್ಣಿನಲ್ಲೇ ಕಳಚಿ ಉಳಿಯಿತು. ಇಷ್ಟು ನಷ್ಟ ಮಾಡಿದ್ದು ಒಂದು ಹುಲ್ಲು. ಊರೂರಿಗೆ ಇದರ ಹೆಸರು ಬೇರೆ; ಇಲ್ಲಿ ಮುಳ್ಳುಕಾಯಿ ಹುಲ್ಲು ಎನ್ನೋಣ. ಸಸ್ಯಶಾಸ್ತ್ರದಲ್ಲಿ ಇದು ಸೆಂಕ್ರಸ್ ಜಾತಿಗೆ ಸೇರಿದ್ದು.

ಗುರುತಿಸುವುದು ಹೇಗೆ?

ಮೊದಲ ಮಳೆಗೆ ಮೊಳೆತು, ಬುಡದಿಂದ ಕವಲೊಡೆದು ಗುಂಪಾಗಿ ಬೆಳೆಯುತ್ತದೆ. ಎತ್ತರ ಒಂದು ಗೇಣಿನಿಂದ ಎರಡು ಮೊಳ. ಎಳೆಯದಾಗಿದ್ದಾಗ ಬೇರೆ ಹುಲ್ಲಿನಂತೆಯೇ ಕಾಣುತ್ತದೆ. ಗರಿ ಕಾಂಡಕ್ಕೆ ಸೇರುವ ಕಡೆ ಬಿಡಿಸಿ ನೋಡಿದರೆ ಸಣ್ಣ ರೋಮಗಳ ಸಾಲು ಇರುತ್ತದೆ. ತೆನೆ ಬೆರಳುದ್ದ, ಅದರ ತುಂಬ ಮುಳ್ಳುಕಾಯಿಗಳು. ಮುಳ್ಳಿನ ಮೇಲೆ ಹಿಂದಕ್ಕೆ ಬಾಗಿದ ಕೊಕ್ಕೆಗಳಿರುವುದರಿಂದ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಬೀಜ ಈ ಮುಳ್ಳಿನ ಗೂಡಿನೊಳಗೇ ಇರುತ್ತದೆ.

ಎರಡು ಗಿಡಗಳ ವಿಷಯದಲ್ಲಿ ತಪ್ಪಬೇಡಿ. ನೆಲದ ಮೇಲೆ ಹರಡಿ ಹಳದಿ ಹೂ ಬಿಡುವ ನೆಗ್ಗಿಲು ಹುಲ್ಲೇ ಅಲ್ಲ. ಅಂಜನ ಹುಲ್ಲು ಇದೇ ಸೆಂಕ್ರಸ್ ಜಾತಿಯದಾದರೂ ಅದರ ತೆನೆ ಮೃದು, ಕೈಗೆ ಚುಚ್ಚುವುದಿಲ್ಲ. ಅದು ಒಳ್ಳೆಯ ಮೇವು, ಕೀಳಬೇಡಿ.

ಹರಡುವ ಬಗೆ

ಈ ಬೀಜಕ್ಕೆ ಕುರಿಯೇ ಗಾಡಿ. ಉಣ್ಣೆಗೆ ಅಂಟಿದ ಮುಳ್ಳುಕಾಯಿ ಮಂದೆ ನಿಂತ ಹೊಲದಲ್ಲೆಲ್ಲ ಉದುರುತ್ತದೆ. ಉಣ್ಣೆಯ ಬೆಲೆಯೂ ಕೆಡುತ್ತದೆ. ತೆನೆ ಬಲಿತ ಹುಲ್ಲನ್ನು ಮೇಯ್ದ ದನಕುರಿಗಳ ಬಾಯಿ ಹುಣ್ಣಾಗುತ್ತದೆ. ಗೋಣಿಚೀಲ, ಪಂಚೆಯ ಅಂಚು, ಎಮ್ಮೆಯ ಬಾಲ ಇವೂ ಬೀಜ ಹೊರುತ್ತವೆ.

ತಿಪ್ಪೆಯೂ ಒಂದು ದಾರಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿತ್ತ ಕಳೆಯನ್ನೆಲ್ಲ ತಿಪ್ಪೆಗೆ ಹಾಕಿರೆಂದು ಒಬ್ಬ ಹಿರಿಯ ರೈತರಿಗೆ ಹೇಳಿದೆ. ಮರುವರ್ಷ ಗೊಬ್ಬರ ಹರಡಿದ ಕಡೆಯಲ್ಲೆಲ್ಲ ಈ ಹುಲ್ಲೇ ಎದ್ದಿತು. ಅವರು ಬೈಯಲಿಲ್ಲ, ಕರೆದುಕೊಂಡು ಹೋಗಿ ಹೊಲ ತೋರಿಸಿದರು. ಆ ಪಾಠವನ್ನು ನಾನು ಮರೆತಿಲ್ಲ.

ಮಾಡಬೇಕಾದ ಕೆಲಸಗಳು

1. ಮುಂಗಾರಿನ ಮೊದಲ ಮಳೆಗೆ ಕಳೆ ಮೊಳೆಯಲು ಬಿಟ್ಟು, ಬಿತ್ತುವ ಮುಂಚೆ ಕುಂಟೆ ಹೊಡೆದು ಕೊಲ್ಲಿರಿ.

2. ಬಿತ್ತಿದ 20-25 ದಿನಕ್ಕೆ ಒಮ್ಮೆ, 35-40 ದಿನಕ್ಕೆ ಮತ್ತೊಮ್ಮೆ ಕಳೆ ತೆಗೆಯಿರಿ. ಕಡಲೆಕಾಯಿಯ ಸೂಜಿ ನೆಲಕ್ಕಿಳಿಯಲು ಆರಂಭವಾದ ಮೇಲೆ ಎಡೆಕುಂಟೆ ಹಾಯಿಸಬಾರದು. ಉಳಿದ ಹುಲ್ಲನ್ನು ಕೈಯಲ್ಲೇ ಕೀಳಿರಿ. ಬೇರು ಆಳಕ್ಕಿಲ್ಲ, ಮಳೆ ಬಂದ ಮರುದಿನ ಸುಲಭವಾಗಿ ಬರುತ್ತದೆ.

3. ತೆನೆ ಹೊರಡುವ ಮುಂಚೆ ಕಿತ್ತದ್ದನ್ನು ದನಕ್ಕೆ ಹಾಕಬಹುದು. ಎಳೆಯ ಹುಲ್ಲು ಒಳ್ಳೆಯ ಮೇವು. ಮುಳ್ಳುಕಾಯಿ ಕಟ್ಟಿದ್ದರೆ ತಿಪ್ಪೆಗೆ ಬೇಡ, ಬದುವಿನ ಮೇಲೂ ಬೇಡ. ಚೀಲಕ್ಕೆ ತುಂಬಿ, ಗಟ್ಟಿ ನೆಲದಲ್ಲಿ ರಾಶಿ ಹಾಕಿ ಎಚ್ಚರಿಕೆಯಿಂದ ಸುಡಿರಿ.

4. ಬದು, ದಾರಿ, ಕಣದ ಅಂಚು ಇವನ್ನು ಮರೆಯಬೇಡಿ. ಬೀಜ ಅಲ್ಲಿಂದಲೇ ಹೊಲಕ್ಕೆ ಬರುತ್ತದೆ. ಬದುವಿನಲ್ಲಿ ಅಂಜನ ಹುಲ್ಲು ಬೆಳೆಸಿದರೆ ಮೇವೂ ಆಗುತ್ತದೆ, ಮುಳ್ಳುಹುಲ್ಲಿಗೆ ಜಾಗವೂ ಉಳಿಯುವುದಿಲ್ಲ. ಖಾಲಿ ನೆಲದಲ್ಲಿ ಹುರುಳಿ ಒತ್ತಾಗಿ ಬಿತ್ತಿರಿ.

5. ಮಂದೆ ನಿಲ್ಲಿಸುವ ಮುಂಚೆ ಕುರಿ ಎಲ್ಲಿ ಮೇದು ಬಂದಿದೆಯೆಂದು ಕುರಿಗಾಹಿಯನ್ನು ಕೇಳಿ. ಹುಲ್ಲು ಬಲಿಯುವ ಮೊದಲೇ ಉಣ್ಣೆ ಕತ್ತರಿಸಿದರೆ ಇಬ್ಬರಿಗೂ ಲಾಭ.

6. ಹುಲ್ಲನ್ನಷ್ಟೇ ಕೊಂದು ಕಡಲೆಕಾಯಿಯನ್ನು ಬಿಡುವ ಕಳೆನಾಶಕಗಳಿವೆ. ಆದರೆ ರಾಗಿ, ಸಜ್ಜೆಗಳೂ ಹುಲ್ಲಿನ ಕುಲದವೇ. ಅಕ್ಕಡಿ ಸಾಲಿನಲ್ಲಿ ಸಜ್ಜೆ ಇದ್ದರೆ ಅದೂ ಸಾಯುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಡಬ್ಬಿಯ ಮೇಲಿನ ಅಳತೆಯಂತೆಯೇ ಬಳಸಿ.

ರಾಜಸ್ಥಾನದ ಮರಳುಗಾಡಿನಲ್ಲಿ ಈ ಕುಲದ ಒಂದು ಹುಲ್ಲನ್ನು ಭುರಟ್ ಎನ್ನುತ್ತಾರೆ. ಬರಗಾಲದಲ್ಲಿ ಅಲ್ಲಿನ ಜನ ಅದರ ಬೀಜವನ್ನು ಬಿಡಿಸಿ ಹಿಟ್ಟು ಮಾಡಿ ತಿಂದಿದ್ದಾರೆ. ನಮಗೆ ಆ ಗತಿ ಬೇಡ. ನಮ್ಮ ಕಡಲೆಕಾಯಿ ನಮಗೆ ಸಿಗಲಿ.

ಇದು ಒಂದೇ ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಒಬ್ಬನ ಹೊಲದಲ್ಲಿ ಮುಗಿಯುವುದೂ ಅಲ್ಲ. ಪಕ್ಕದ ಹೊಲದವರೊಡನೆ ಮಾತಾಡಿ, ಒಂದೇ ವಾರದಲ್ಲಿ ಎಲ್ಲರೂ ಕೀಳಿರಿ. ಬರುವ ಸುಗ್ಗಿಯಲ್ಲಿ ನಿಮ್ಮ ಸಾಲಿಗೆ ಬಂದ ಹೆಣ್ಣುಮಕ್ಕಳು ಸಂಜೆಯವರೆಗೂ ಕೂತು ಕೆಲಸ ಮಾಡುವಂತಾಗಲಿ.