ಇಬಿಟ್ಡಾ: ಲಾಭದ ಲೆಕ್ಕವೇ, ಲಾಭದ ನೆರಳೇ?



ನಮ್ಮವರು ಊಟಕ್ಕೆ ಸೇರಿದಲ್ಲೆಲ್ಲ ಷೇರು, ಕಂಪನಿಗಳ ಮಾತು ಇದ್ದದ್ದೇ. ಆಗ ಯಾರಾದರೂ "ಇಬಿಟ್ಡಾ ಚೆನ್ನಾಗಿದೆಯಂತೆ" ಎಂದರೆ ಉಳಿದವರು ತಲೆಯಾಡಿಸುತ್ತಾರೆ. ಏನಿದು ಇಬಿಟ್ಡಾ? ಬಡ್ಡಿ, ತೆರಿಗೆ, ಯಂತ್ರ-ಕಟ್ಟಡಗಳ ಸವಕಳಿ ಇವುಗಳನ್ನು ಕಳೆಯುವ ಮೊದಲಿನ ಗಳಿಕೆ, ಅಷ್ಟೆ.

ನಾನಿರುವ ಅಬುಧಾಬಿಯ ಅಲ್ ಮೀನಾದಲ್ಲಿ ಕಟ್ಟಿಗೆಯ ದೋಣಿಗಳು ಸಾಲಾಗಿ ನಿಂತಿರುತ್ತವೆ. ಅಂಥದೊಂದು ದೋಣಿಯ ಲೆಕ್ಕವನ್ನು ಊಹಿಸಿಕೊಳ್ಳೋಣ. ಬೆಲೆ 10 ಲಕ್ಷ ದಿರ್ಹಮ್, ಆಯುಷ್ಯ 10 ವರ್ಷ. ವರ್ಷದ ವರಮಾನ 4 ಲಕ್ಷ. ಡೀಸೆಲ್, ಸಂಬಳ ಇತ್ಯಾದಿ ಖರ್ಚು ಎರಡೂವರೆ ಲಕ್ಷ. ಇಬಿಟ್ಡಾ ಒಂದೂವರೆ ಲಕ್ಷ! ಆದರೆ ದೋಣಿ ವರ್ಷಕ್ಕೆ 1 ಲಕ್ಷದಷ್ಟು ಸವೆಯುತ್ತದೆ. 6 ಲಕ್ಷ ಸಾಲಕ್ಕೆ ಶೇಕಡಾ 8ರಂತೆ ಬಡ್ಡಿ 48 ಸಾವಿರ. ಕೊನೆಗೆ ಉಳಿಯುವುದು 2 ಸಾವಿರ ಮಾತ್ರ.

ಹಾಗಾದರೆ ಇಬಿಟ್ಡಾ ಸುಳ್ಳೇ? ಅಲ್ಲ. ಪಕ್ಕದ ದೋಣಿಯವನು ಸಾಲವಿಲ್ಲದೆ ಕೊಂಡಿದ್ದರೆ, ಇಬ್ಬರಲ್ಲಿ ಯಾರು ದೋಣಿಯನ್ನು ಚೆನ್ನಾಗಿ ನಡೆಸುತ್ತಿದ್ದಾರೆ ಎಂದು ಹೋಲಿಸಲು ಅದು ಉಪಯುಕ್ತ. 1970ರ ದಶಕದಲ್ಲಿ ಅಮೆರಿಕದ ಕೇಬಲ್ ಟಿವಿ ಉದ್ಯಮಿ ಜಾನ್ ಮಲೋನ್ ಇದನ್ನು ಜನಪ್ರಿಯಗೊಳಿಸಿದರು. ಆದರೆ ಖರ್ಚನ್ನು ಆಸ್ತಿ ಎಂದು ಬರೆದುಕೊಂಡರೆ ಇಬಿಟ್ಡಾ ತಾನಾಗಿ ಉಬ್ಬುತ್ತದೆ. 2002ರಲ್ಲಿ ಬಯಲಾದ ವರ್ಲ್ಡ್‌ಕಾಮ್ ಹಗರಣದಲ್ಲಿ ನಡೆದದ್ದು ಇದೇ. 2019ರಿಂದ ಜಾರಿಯಾದ ಐಎಫ್‌ಆರ್‌ಎಸ್ 16 ನಿಯಮದ ನಂತರವಂತೂ ದೀರ್ಘಾವಧಿ ಬಾಡಿಗೆಯ ಬಹುಪಾಲು ಸವಕಳಿ ಮತ್ತು ಬಡ್ಡಿಯ ರೂಪ ಪಡೆದು ಇಬಿಟ್ಡಾದ ಲೆಕ್ಕದಿಂದ ಹೊರಗುಳಿಯುತ್ತದೆ. ಬಾಡಿಗೆ ಕಟ್ಟುವುದು ಮಾತ್ರ ತಪ್ಪಿಲ್ಲ!

ನಮಗೆ ಹತ್ತಿರದ ಉದಾಹರಣೆ ಎನ್‌ಎಂಸಿ. ಉಡುಪಿ ಜಿಲ್ಲೆಯ ಕಾಪುವಿನಿಂದ ಬಂದ ಬಿ. ಆರ್. ಶೆಟ್ಟಿಯವರು 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಸಂಸ್ಥೆ 2012ರಲ್ಲಿ ಲಂಡನ್ ಷೇರುಪೇಟೆ ಸೇರಿತು. ಎಷ್ಟೋ ಕನ್ನಡಿಗರಿಗೆ ಅನ್ನ ಕೊಟ್ಟ ಸಂಸ್ಥೆಯದು. 2018ಕ್ಕೆ ಅದು ಪ್ರಕಟಿಸಿದ ಇಬಿಟ್ಡಾ ಸುಮಾರು 49 ಕೋಟಿ ಡಾಲರ್. 2019ರ ಮಧ್ಯಭಾಗದಲ್ಲಿ ತೋರಿಸಿದ್ದ ಸಾಲ ಸುಮಾರು 210 ಕೋಟಿ ಡಾಲರ್, ಅಂದರೆ ಇಬಿಟ್ಡಾದ ನಾಲ್ಕು ಪಟ್ಟು ಚಿಲ್ಲರೆ. 2019ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಸಂಸ್ಥೆ ಲೆಕ್ಕಪತ್ರಗಳನ್ನು ಪ್ರಶ್ನಿಸಿತು. 2020ರ ಮಾರ್ಚ್ ವೇಳೆಗೆ ಸಾಲ 660 ಕೋಟಿ ಎಂದು ತಿಳಿಯಿತು. ಪ್ರಕಟಿತ ಇಬಿಟ್ಡಾವನ್ನು ನಂಬಿದರೂ ಇದು 13 ಪಟ್ಟಿಗಿಂತ ಹೆಚ್ಚು! ಏಪ್ರಿಲ್‌ನಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈಸೇರಿತು. ತಾವೇ ವಂಚನೆಗೊಳಗಾದವರು ಎನ್ನುವುದು ಶೆಟ್ಟಿಯವರ ವಾದ. 2023ರಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಕರು, ಸಾಲವನ್ನು ಕಡಿಮೆ ತೋರಿಸಿ ಹೂಡಿಕೆದಾರರನ್ನು ದಾರಿತಪ್ಪಿಸಿದ್ದಕ್ಕೆ ಕಂಪನಿಯನ್ನು ಬಹಿರಂಗವಾಗಿ ಖಂಡಿಸಿದರು.

ಇಲ್ಲಿ ತಪ್ಪು ಇಬಿಟ್ಡಾದ್ದಲ್ಲ, ಸಾಲ ಮುಚ್ಚಿಟ್ಟದ್ದು. ಆದರೆ ಬಡ್ಡಿಯನ್ನೇ ನೋಡದ ಅಳತೆಗೋಲನ್ನು ಮಾತ್ರ ಹಿಡಿದವರಿಗೆ ಸಾಲದ ಭಾರ ಕಾಣುವುದು ಹೇಗೆ?

ಆದ್ದರಿಂದ ಬಂಧುಗಳೇ, ಷೇರು ಕೊಳ್ಳುವಾಗಲೂ ಹೊಸ ಕೆಲಸ ಒಪ್ಪಿಕೊಳ್ಳುವಾಗಲೂ ಮೂರು ಸಂಗತಿ ನೋಡಿ: ಕೈಗೆ ಬಂದ ನಗದು ಎಷ್ಟು, ಒಟ್ಟು ಸಾಲ ಎಷ್ಟು, ಸವೆದದ್ದನ್ನು ಬದಲಿಸಲು ಆಗುವ ಖರ್ಚೆಷ್ಟು. ನಮ್ಮ ಸಂಬಳವೂ, ವರ್ಷಗಟ್ಟಲೆ ದುಡಿದ ಗ್ರಾಚ್ಯುಟಿಯೂ ಬರುವುದು ನಗದಿನಿಂದಲೇ ಹೊರತು ಇಬಿಟ್ಡಾದಿಂದಲ್ಲ.