ಖನಿಜ ಮಿಶ್ರಣದ ಪೊಟ್ಟಣದ ಮೇಲೆ ‘ಚಿಲೇಟೆಡ್’ ಎಂದರೇನು?



ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಹೇರಳ. ಹಾಗೆಂದು ಅಲ್ಲಿ ಮೇಯುವ ಹಸುವಿಗೆ ಖನಿಜಾಂಶದ ಕೊರತೆ ಬಾರದು ಎಂದು ತಿಳಿಯಬೇಡಿ. ಮೇವು, ನೀರಿನೊಡನೆ ಕಬ್ಬಿಣ ಅತಿಯಾಗಿ ಹೊಟ್ಟೆ ಸೇರಿದರೆ ತಾಮ್ರ ಮೈಗೂಡುವುದು ಕಡಿಮೆಯಾಗುತ್ತದೆ. ಕಾಲುವೆ ನೀರಿನ ಕಂಪ್ಲಿ, ಹೊಸಪೇಟೆ, ಹಂಪಿ ಕಡೆ ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಖನಿಜಾಂಶ ಅಲ್ಪ. ತಾಮ್ರ, ಸತು ಸಾಲದಿದ್ದರೆ ಹಸು ಸಕಾಲಕ್ಕೆ ಬೆದೆಗೆ ಬರುವುದಿಲ್ಲ, ಗರ್ಭ ಕಟ್ಟುವುದೂ ತಡವಾಗುತ್ತದೆ.

ಇದಕ್ಕೆ ಖನಿಜ ಮಿಶ್ರಣ ಕೊಡಬೇಕು. ಕೆಲವು ಪೊಟ್ಟಣಗಳ ಮೇಲೆ ‘ಚಿಲೇಟೆಡ್’ ಎಂದಿರುತ್ತದೆ, ಬೆಲೆಯೂ ಹೆಚ್ಚು. ಏಡಿಯ ಕೊಂಡಿಗೆ ಇರುವ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಗದ್ದೆಯ ಏಡಿ ಕೊಂಡಿಯಲ್ಲಿ ಹಿಡಿಯುವುದನ್ನು ನೀವು ಕಂಡಿದ್ದೀರಿ. ಪ್ರೋಟೀನು ಅಮೈನೋ ಆಮ್ಲಗಳಿಂದ ಆಗಿದೆ. ಅವುಗಳಲ್ಲಿ ಅತಿ ಚಿಕ್ಕದು ಗ್ಲೈಸಿನ್. ಬಿಸಿ ನೀರಿನಲ್ಲಿ ಗ್ಲೈಸಿನ್ ಮತ್ತು ತಾಮ್ರದ ಲವಣವನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದಾಗ, ಎರಡು ಗ್ಲೈಸಿನ್ ಅಣುಗಳು ಒಂದು ತಾಮ್ರವನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಹೀಗೆ ಹಿಡಿದ ತಾಮ್ರ ಹೊಟ್ಟೆಯಲ್ಲಿ ಬೇರೆ ವಸ್ತುಗಳಿಗೆ ಸುಲಭವಾಗಿ ಅಂಟಿಕೊಂಡು ವ್ಯರ್ಥವಾಗದಿರಲಿ ಎಂಬುದೇ ಉದ್ದೇಶ.

ನಿಜವಾಗಿ ಹಿಡಿದಿದೆಯೇ, ಬರೀ ಬೆರೆಸಿದ್ದಾರೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳಕಿನಿಂದ ಪರೀಕ್ಷಿಸುತ್ತಾರೆ. ಮೈಲುತುತ್ತದ ತಿಳಿನೀಲಿ ನೀರು ಸುಮಾರು 800 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಗ್ಲೈಸಿನ್ ಹಿಡಿದ ತಾಮ್ರ ಸುಮಾರು 630ರ ಬಳಿ ಹೀರುವುದರಿಂದ ಬಣ್ಣ ಕಡುನೀಲಿಯಾಗುತ್ತದೆ. ಸತುವಿನ ಸಂಯುಕ್ತಕ್ಕೆ ಬಣ್ಣವಿಲ್ಲ. ಅದಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದ ಪರೀಕ್ಷೆ ಬೇಕು. ಪೊಟ್ಟಣದ ಪುಡಿಯನ್ನು ಬರಿಗಣ್ಣಿನಿಂದ ನೋಡಿ ಏನನ್ನೂ ಹೇಳಲಾಗದು.

ಆದ್ದರಿಂದ ಗಮನಿಸಿ:

1. ಪುಡಿಯ ಬಣ್ಣಕ್ಕೆ ಮರುಳಾಗಬೇಡಿ. ಪೊಟ್ಟಣದ ಮೇಲೆ ‘ಗ್ಲೈಸಿನೇಟ್’ನಂತಹ ಹೆಸರು, ಪ್ರಮಾಣ, ತಯಾರಿಕೆಯ ದಿನಾಂಕ ನೋಡಿ ಕೊಳ್ಳಿರಿ.

2. ಸಾದಾ ಖನಿಜ ಮಿಶ್ರಣವೂ ಉಪಯುಕ್ತವೇ. ದುಬಾರಿಯದನ್ನು ಆಗೊಮ್ಮೆ ಈಗೊಮ್ಮೆ ಕೊಡುವುದಕ್ಕಿಂತ ಸಾದಾ ಮಿಶ್ರಣವನ್ನು ದಿನವೂ ತಪ್ಪದೆ ಹಿಂಡಿಯಲ್ಲಿ ಬೆರೆಸಿ ಕೊಡುವುದು ಮೇಲು.

3. ತಾಮ್ರ ಬೇಕೆಂದು ಮೈಲುತುತ್ತವನ್ನು ನೀವೇ ತಿನ್ನಿಸಬೇಡಿ, ಅದು ವಿಷವಾದೀತು.

4. ಹಸುವಿನ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಕುರಿಯ ಮೈ ಹೆಚ್ಚಿನ ತಾಮ್ರವನ್ನು ತಾಳದು, ಸಾವೂ ಸಂಭವಿಸಬಹುದು.

ಹಸು ಪದೇ ಪದೇ ಬೆದೆಗೆ ಬಂದು ಗರ್ಭ ನಿಲ್ಲದಿದ್ದರೆ ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಪೊಟ್ಟಣ ಕೊಳ್ಳುವ ಮೊದಲು ಪಶುವೈದ್ಯರಿಗೆ ತೋರಿಸಿರಿ.