ನಗರದಲ್ಲಿ ಡಿಜಿಟಲ್ ಭೂತಲ ಟಿ.ವಿ. ಪ್ರಸಾರ ಜಾಲ: ಸಾರ್ವಜನಿಕರಿಗೆ ಮಾಹಿತಿ

ಕೇಬಲ್ ಅಥವಾ ಡಿಶ್ ಸಂಪರ್ಕವಿಲ್ಲದೆ, ಗೋಪುರದಿಂದ ನೇರವಾಗಿ ಮನೆಯ ಆಂಟೆನಾಗೆ ತಲುಪುವ ಡಿಜಿಟಲ್ ಟಿ.ವಿ. ಸೇವೆಯನ್ನು ಭೂತಲ ಪ್ರಸಾರ ಎಂದು ಕರೆಯಲಾಗುತ್ತದೆ. ಈ ಸೇವೆಯು ಯಾವ ಮನೆಗಳಿಗೆ ದೊರೆಯುತ್ತದೆ ಹಾಗೂ ಅದಕ್ಕಾಗಿ ವೀಕ್ಷಕರು ಎಷ್ಟು ವೆಚ್ಚ ಮಾಡಬೇಕಾಗುತ್ತದೆ ಎಂಬುದು ಬಹುಮಟ್ಟಿಗೆ ಟ್ರಾನ್ಸ್‌ಮಿಟರ್ ಜಾಲದ ವಿನ್ಯಾಸವನ್ನು ಅವಲಂಬಿಸಿರುತ್ತದೆ. ಜರ್ಮನಿಯ ಬರ್ಲಿನ್ ನಗರದ ಉದಾಹರಣೆಯೊಂದಿಗೆ ಇದನ್ನು ಕೆಳಗೆ ವಿವರಿಸಲಾಗಿದೆ.

1. ಅನಲಾಗ್ ಮತ್ತು ಡಿಜಿಟಲ್ ಪ್ರಸಾರದ ವ್ಯತ್ಯಾಸ

ಅನಲಾಗ್ ಪ್ರಸಾರದಲ್ಲಿ ಸಂಕೇತವು ದುರ್ಬಲವಾದಂತೆ ಚಿತ್ರ ಮಸುಕಾಗುತ್ತಿತ್ತು. ಆದರೂ ನೋಡಲು ಸಾಧ್ಯವಿತ್ತು. ಡಿಜಿಟಲ್ ಪ್ರಸಾರದಲ್ಲಿ ಒಂದು ಮಿತಿಯವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಸಂಕೇತವು ಆ ಮಿತಿಗಿಂತ ಕೆಳಗಿಳಿದರೆ ಚಿತ್ರವು ಚೌಕಗಳಾಗಿ ಒಡೆದು ನಿಂತುಹೋಗುತ್ತದೆ. ಛಾವಣಿಯ ಆಂಟೆನಾಗೆ ಸಾಕಾಗುವ ಸಂಕೇತವು ಕಾಂಕ್ರೀಟ್ ಕಟ್ಟಡದ ನೆಲಮಹಡಿಯ ಕೊಠಡಿಯೊಳಗೆ ಸಾಕಾಗುವುದಿಲ್ಲ. ಆದುದರಿಂದ ವಿನ್ಯಾಸಕಾರರು ಮೊದಲು ನಿರ್ಧರಿಸಬೇಕಾದ ವಿಷಯವೆಂದರೆ, ಸೇವೆಯು ಛಾವಣಿಯ ಆಂಟೆನಾಗೆ ತಲುಪಿದರೆ ಸಾಕೇ ಅಥವಾ ಮನೆಯೊಳಗಿನ ಚಿಕ್ಕ ಆಂಟೆನಾಗೂ ತಲುಪಬೇಕೇ ಎಂಬುದು.

2. ಏಕ ಆವರ್ತನ ಜಾಲ

ನಗರದಲ್ಲಿ ಒಂದೇ ಗೋಪುರವಿದ್ದಲ್ಲಿ ಎತ್ತರದ ಕಟ್ಟಡಗಳ ಹಿಂಬದಿಯ ಮನೆಗಳು ಸೇವೆಯಿಂದ ವಂಚಿತವಾಗುತ್ತವೆ. ಹಲವು ಗೋಪುರಗಳಿಂದ ಒಂದೇ ಆವರ್ತನದಲ್ಲಿ, ಒಂದೇ ಮಾಹಿತಿಯನ್ನು, ಉಪಗ್ರಹ ಆಧಾರಿತ ಗಡಿಯಾರದ ನೆರವಿನಿಂದ ಸಮಯ ಹೊಂದಿಸಿ ಪ್ರಸಾರ ಮಾಡುವುದು ಇದಕ್ಕೆ ಪರಿಹಾರವಾಗಿದೆ. ಒಂದು ದಿಕ್ಕಿನ ಸಂಕೇತಕ್ಕೆ ಅಡ್ಡಿಯಾದರೆ ಇನ್ನೊಂದು ದಿಕ್ಕಿನದು ತಲುಪುತ್ತದೆ.

ದೂರದ ಗೋಪುರದ ಸಂಕೇತವು ತಡವಾಗಿ ಬರುವುದರಿಂದ ಪ್ರತಿ ಸಂಕೇತದ ನಡುವೆ ರಕ್ಷಣಾ ಅವಧಿಯನ್ನು ಇರಿಸಲಾಗುತ್ತದೆ. ಬರ್ಲಿನ್‌ನ ಡಿವಿಬಿ-ಟಿ ಜಾಲದಲ್ಲಿ ಇದು 112 ಮೈಕ್ರೊಸೆಕೆಂಡ್ ಇತ್ತು. ಈ ಅವಧಿಯಲ್ಲಿ ರೇಡಿಯೊ ತರಂಗವು ಸುಮಾರು 34 ಕಿ.ಮೀ. ಕ್ರಮಿಸುತ್ತದೆ. ಆ ನಗರದ ಅಲೆಕ್ಸಾಂಡರ್‌ಪ್ಲಾಟ್ಸ್ ಮತ್ತು ಶೋಲ್ಟ್ಸ್‌ಪ್ಲಾಟ್ಸ್ ಗೋಪುರಗಳ ಅಂತರ ಸುಮಾರು 13 ಕಿ.ಮೀ. ಮಾತ್ರ. ಹೀಗಾಗಿ ಎರಡೂ ಸಂಕೇತಗಳು ಪರಸ್ಪರ ಅಡ್ಡಿಯಾಗದೆ ಪೂರಕವಾಗಿ ಸೇರುತ್ತಿದ್ದವು.

3. ಬರ್ಲಿನ್ ನಗರದ ಅನುಭವ

ಬರ್ಲಿನ್‌ನಲ್ಲಿ 2002ರ ನವೆಂಬರ್ 1ರಂದು ಡಿಜಿಟಲ್ ಭೂತಲ ಪ್ರಸಾರ ಆರಂಭವಾಯಿತು. 2003ರ ಆಗಸ್ಟ್ 4ರಂದು ಅನಲಾಗ್ ಭೂತಲ ಪ್ರಸಾರವನ್ನು ಸಂಪೂರ್ಣವಾಗಿ ನಿಲ್ಲಿಸಲಾಯಿತು. ಈ ಬದಲಾವಣೆಯನ್ನು ಪೂರ್ಣಗೊಳಿಸಿದ ಪ್ರದೇಶಗಳಲ್ಲಿ ಬರ್ಲಿನ್ ವಿಶ್ವದಲ್ಲೇ ಮೊದಲನೆಯದು.

ಅಲ್ಲಿ ಪ್ರತಿ ಆವರ್ತನದಲ್ಲಿ ಸೆಕೆಂಡಿಗೆ 14.75 ಮೆಗಾಬಿಟ್ ಮಾಹಿತಿ, ಅಂದರೆ ಸುಮಾರು ನಾಲ್ಕು ಕಾರ್ಯಕ್ರಮಗಳನ್ನು ರವಾನಿಸಲಾಗುತ್ತಿತ್ತು. ಇನ್ನೊಂದು ವಿಧಾನವನ್ನು ಆಯ್ದುಕೊಂಡಿದ್ದರೆ ಸುಮಾರು 22 ಮೆಗಾಬಿಟ್ ರವಾನಿಸಬಹುದಾಗಿತ್ತು. ಆದರೆ ಅದಕ್ಕೆ ಹೆಚ್ಚು ಪ್ರಬಲ ಸಂಕೇತದ ಅಗತ್ಯವಿತ್ತು. ನಗರದ ಬಹುಭಾಗದಲ್ಲಿ ಮನೆಯೊಳಗಿನ ಆಂಟೆನಾ ಸಾಕಾಗಬೇಕೆಂಬ ಉದ್ದೇಶದಿಂದ, ಕಾರ್ಯಕ್ರಮಗಳ ಸಂಖ್ಯೆಗಿಂತ ಸಂಕೇತದ ದೃಢತೆಗೆ ಆದ್ಯತೆ ನೀಡಲಾಯಿತು. ಇದರಿಂದ ಬಾಡಿಗೆ ಮನೆಯವರು ಛಾವಣಿಯ ಮೇಲೆ ಆಂಟೆನಾ ಅಳವಡಿಸುವ ವೆಚ್ಚವು ಬಹುಪಾಲು ತಪ್ಪಿತು. ಆಂಟೆನಾವನ್ನೇ ಅವಲಂಬಿಸಿದ್ದ, ಸಾಮಾಜಿಕ ನೆರವು ಪಡೆಯುತ್ತಿದ್ದ ಕುಟುಂಬಗಳಿಗೆ ಸೆಟ್‌ಟಾಪ್ ಬಾಕ್ಸ್ ಪಡೆಯಲು ಸಹಾಯವನ್ನೂ ಒದಗಿಸಲಾಯಿತು.

4. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಸಾಧನವನ್ನು ಖರೀದಿಸುವ ಮುನ್ನ ಅದು ಯಾವ ಮಾನದಂಡದ್ದೆಂದು ಪರಿಶೀಲಿಸುವುದು. ಬರ್ಲಿನ್‌ನಲ್ಲಿ 2017ರ ಮಾರ್ಚ್ 29ರಂದು ಡಿವಿಬಿ-ಟಿ2 ಮಾನದಂಡ ಜಾರಿಗೆ ಬಂದಾಗ ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳು ನಿರುಪಯುಕ್ತವಾದವು. ಭಾರತದಲ್ಲಿ ದೂರದರ್ಶನವು 2016ರಲ್ಲಿ ಬೆಂಗಳೂರು ಸೇರಿದಂತೆ 16 ನಗರಗಳಲ್ಲಿ ಆರಂಭಿಸಿದ ಸೇವೆಯೂ ಡಿವಿಬಿ-ಟಿ2 ಮಾನದಂಡದ್ದಾಗಿತ್ತು.

ಆ) ಚಿತ್ರ ಆಗಾಗ್ಗೆ ಒಡೆಯುತ್ತಿದ್ದಲ್ಲಿ ಮೊದಲು ಆಂಟೆನಾವನ್ನು ಕಿಟಕಿಯ ಬಳಿಗೆ ಅಥವಾ ಎತ್ತರದ ಸ್ಥಳಕ್ಕೆ ಸರಿಸಿ ನೋಡುವುದು. ಒಂದೆರಡು ಅಡಿ ಸರಿಸಿದರೂ ಸ್ಥಿತಿ ಸುಧಾರಿಸಬಹುದು.

ಇ) ದೂರು ಅಥವಾ ಅರ್ಜಿಯಲ್ಲಿ ಮನೆಯ ಮಹಡಿ, ಆಂಟೆನಾದ ವಿಧ ಮತ್ತು ಸ್ಥಳ, ತೊಂದರೆಯುಂಟಾಗುವ ಸಮಯ ಹಾಗೂ ಸಮೀಪದ ಎತ್ತರದ ಕಟ್ಟಡಗಳ ವಿವರವನ್ನು ನಮೂದಿಸುವುದು. ಒಂದೇ ಬೀದಿಯ ಹಲವು ಮನೆಗಳಿಗೆ ತೊಂದರೆಯಿದ್ದಲ್ಲಿ ಅದನ್ನು ತಪ್ಪದೆ ತಿಳಿಸುವುದು. ಒಂದು ಮನೆಯ ತೊಂದರೆಗೆ ಆಂಟೆನಾ ಕಾರಣವಿರಬಹುದು. ಇಡೀ ಬೀದಿಯ ತೊಂದರೆಯು ಜಾಲದ ಕೊರತೆಯನ್ನು ಸೂಚಿಸುತ್ತದೆ.